ಆಯಿಯ ಹಾಡಿನ ಪುಸ್ತಕ: ಶಿರಸಿಯ ಒಂದು ಕೈ ಅಚ್ಚಿನ ಕೆಲಸ

ಮದುವೆ ಮನೆಯ ಹಸೆ ಹಾಡಿನ ಪುಸ್ತಕಕ್ಕೆ ಇರುವುದು ಒಂದೇ ಪರೀಕ್ಷೆ. ಚಾಪೆಯ ಮೇಲೆ ಐದಾರು ಹೆಂಗಸರು ಸುತ್ತ ಕೂತು ನಡುವೆ ಅದನ್ನು ಬಿಚ್ಚಿಟ್ಟರೆ, ಹಾಡು ಮುಗಿಯುವವರೆಗೆ ಅದು ಬಿಚ್ಚಿಕೊಂಡೇ ಇರಬೇಕು. ಹಾಡುವವರ ಕೈಯಲ್ಲಿ ಅರಿಶಿನ ಇರುತ್ತದೆ, ಎಣ್ಣೆ ಇರುತ್ತದೆ, ತೊಡೆಯ ಮೇಲೆ ಮೊಮ್ಮಗು ಇರುತ್ತದೆ. ಪುಟ ಒತ್ತಿ ಹಿಡಿಯಲು ಯಾರಿಗೂ ಕೈ ಖಾಲಿ ಇರುವುದಿಲ್ಲ. ಕಳೆದ ಮೇ ಕೊನೆಯ ವಾರ ಬಿಸಲಕೊಪ್ಪದ ಕಡೆಯ ನೆಂಟರ ಮನೆಯ ಮದುವೆಗೆ ಆಯಿ, ಅಂದರೆ ನನ್ನ ಅಮ್ಮ, ಬರೆದಿಟ್ಟ ಹಾಡುಗಳ ಈ ಹೊಸ ಪುಸ್ತಕದ ಮೊದಲ ಪ್ರತಿಯನ್ನು ಕೊಂಡೊಯ್ದಿದ್ದೆ. ಹಸೆಗೆ ಕರೆಯುವ ಹಾಡಿನ ಪುಟ ತೆಗೆದು ನೆಲಕ್ಕಿಟ್ಟೆ. ಎರಡೂ ಬದಿ ಅಂಗೈ ಬಿಡಿಸಿದ ಹಾಗೆ ಸಮನಾಗಿ ಮಲಗಿತು. ಫ್ಯಾನಿನ ಗಾಳಿಗೂ ಏಳಲಿಲ್ಲ. ಎಪ್ಪತ್ತೆಂಟರ ನನ್ನ ದೊಡ್ಡತ್ತಿಗೆ ಕನ್ನಡಕ ಹುಡುಕದೆ ಓದಿಕೊಂಡು ಹಾಡಿದರು. "ಇದು ಕಾಣ್ತು ತಂಗಿ" ಅಂದರು. ಅಷ್ಟು ಹೊತ್ತಿಗೆ ನಾನು ಕೊಟ್ಟ ಹಣ ಸಾರ್ಥಕವಾಗಿತ್ತು.

ಈ ಕೆಲಸ ಮಾಡಿಕೊಟ್ಟವರು ಶಿರಸಿಯ ದೇವಿಕೆರೆ ಹತ್ತಿರದ ಓಣಿಯಲ್ಲಿರುವ ಒಬ್ಬ ಹಳೆಯ ಕಂಪೋಜಿಟರ್, ಅಂದರೆ ಅಚ್ಚಿನ ಅಕ್ಷರ ಜೋಡಿಸುವವರು, ಮತ್ತು ಅವರ ಸೊಸೆ. ಅವರು ಅಚ್ಚು ಹಾಕುತ್ತಾರೆ, ಸೊಸೆ ಹೊಲಿದು ರಟ್ಟು ಕಟ್ಟುತ್ತಾಳೆ. ವರ್ಷಕ್ಕೆ ಎರಡು ಪುಸ್ತಕಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ನಾನು ಪ್ರೆಸ್ಸಿನ ಅಣ್ಣ ಎನ್ನುತ್ತೇನೆ. ಅವರು ನನ್ನನ್ನು ಅಕ್ಕೋರೆ ಎನ್ನುತ್ತಾರೆ, ಅವರ ಮಗನಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು.

ಮೊದಲು ನನ್ನ ಹಳೆಯ ನೋವು ಹೇಳಿಬಿಡುತ್ತೇನೆ. ಆಯಿ ಬರೆದಿಟ್ಟ ಹಾಡುಗಳ ನೋಟುಬುಕ್ಕು ಎರಡಿದ್ದವು, ಹಸೆಯದು, ಎಣ್ಣೆ ಶಾಸ್ತ್ರದ್ದು, ಆರತಿಯದು, ಮಗಳನ್ನು ಕಳಿಸಿಕೊಡುವುದು. ಆಯಿ ಹೋದ ಮೇಲೆ ಬೇರೊಂದು ಊರಿನ ದೊಡ್ಡ ಮುದ್ರಣಾಲಯದಲ್ಲಿ 200 ಪ್ರತಿ ಮಾಡಿಸಿದೆ. ಬಣ್ಣದ ಮುಖಪುಟ, ಹೊಳೆಯುವ ಕಾಗದ. ಕರೆಂಟಿನ ದೀಪದ ಕೆಳಗೆ ಆ ಕಾಗದ ಕಣ್ಣಿಗೆ ಹೊಡೆಯುತ್ತಿತ್ತು. ಎರಡೂ ಅಂಚು ಸಮ ಮಾಡಬೇಕೆಂದು ಪದಗಳ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟಿದ್ದರು. ಹಾಡಿನ ಸಾಲು ಅಲ್ಲಲ್ಲಿ ತುಂಡಾಗಿ ಕಾಣುತ್ತಿತ್ತು. ಬೆನ್ನಿಗೆ ಬರೀ ಬಿಸಿ ಗೋಂದು, ಒಂದು ಎಳೆ ದಾರವಿಲ್ಲ. ಒಂದು ಮಳೆಗಾಲ ಕಳೆಯಿತು. ದಸರೆಗೆ ಬೀರು ತೆಗೆದರೆ ಮುಗ್ಗಲು ವಾಸನೆ, ಬಿಚ್ಚಿದ ಪ್ರತಿಯೆಲ್ಲ ಬೆನ್ನು ಸೀಳಿ ಪುಟಗಳು ಕೈಗೆ ಬಂದವು. ಮದುವೆ ಮನೆಗಳಿಂದ ಫೋನು: "ಅಕ್ಕಾ, ನಿಮ್ಮ ಆಯಿ ಪುಸ್ತಕ ಪುಟ ಪುಟ ಆಗೋತು." ಆಯಿಯ ಹೆಸರು ಹೊತ್ತ ವಸ್ತು ಹಾಗಾಯಿತಲ್ಲ ಎಂದು ನಾನು ಅತ್ತಿದ್ದೇನೆ.

ಒಳ್ಳೆಯ ಪುಸ್ತಕ ಹೇಗಿರಬೇಕು ಎಂದು ನಾನು ನೋಡಿ ಕಲಿತದ್ದು 2019ರ ಬೇಸಿಗೆಯಲ್ಲಿ. ಮಗಳ ಬಾಣಂತನಕ್ಕೆ ಇಂಗ್ಲೆಂಡಿಗೆ ಹೋಗಿದ್ದೆ. ಒಂದು ಶನಿವಾರ ಮಧ್ಯಾಹ್ನ ಅಳಿಯ ಲಂಡನ್ನಿನ ಹ್ಯಾಮರ್‌ಸ್ಮಿತ್‌ಗೆ ಕರೆದುಕೊಂಡು ಹೋದ. ಥೇಮ್ಸ್ ಹೊಳೆಯ ದಂಡೆಗೆ ಕೆಲ್ಮ್‌ಸ್ಕಾಟ್ ಹೌಸ್ ಎಂಬ ಮನೆ ಇದೆ. ವಿಲಿಯಂ ಮಾರಿಸ್ ಬದುಕಿದ ಮನೆ. ಅದರ ನೆಲಮಾಳಿಗೆಯಲ್ಲಿ ಅವನ ಹೆಸರಿನ ಸಂಘದವರು ಪುಟ್ಟ ಮ್ಯೂಸಿಯಂ ನಡೆಸುತ್ತಾರೆ. ಅಲ್ಲಿ ಕಪ್ಪು ಕಬ್ಬಿಣದ ಆಲ್ಬಿಯನ್ ಪ್ರೆಸ್ ನಿಂತಿದೆ. ಕೈಯಲ್ಲಿ ಹಿಡಿ ಎಳೆದು ಒಂದೊಂದೇ ಹಾಳೆ ಅಚ್ಚು ಹಾಕುವ ಯಂತ್ರ.

ಮಾರಿಸ್ ಕವಿ, ಬಟ್ಟೆ ಮತ್ತು ಗೋಡೆಕಾಗದದ ವಿನ್ಯಾಸಗಾರ. ಅವನ ಕಾಲಕ್ಕೆ ಇಂಗ್ಲೆಂಡಿನ ಪುಸ್ತಕಗಳು ಕೆಟ್ಟಿದ್ದವು. ಮರದ ತಿರುಳಿನ ಅಗ್ಗದ ಕಾಗದ ಕೆಲವೇ ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿತ್ತು. ಅಕ್ಷರ ಸಣಕಲು, ಶಾಯಿ ಬೂದಿ ಬಣ್ಣ. 1888ರ ನವೆಂಬರ್ 15ರಂದು ಅವನ ನೆರೆಯ ಎಮರಿ ವಾಕರ್ ಅಕ್ಷರಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಹದಿನೈದನೇ ಶತಮಾನದ ಪುಸ್ತಕಗಳ ಅಕ್ಷರಗಳನ್ನು ದೀಪದ ಸ್ಲೈಡಿನಲ್ಲಿ ದೊಡ್ಡದು ಮಾಡಿ ಪರದೆಗೆ ಬಿಟ್ಟ. ಗಟ್ಟಿ ಮೈಯ, ಒಂದಕ್ಕೊಂದು ಹತ್ತಿ ನಿಂತ ಆ ಅಕ್ಷರಗಳನ್ನು ಕಂಡು ಮಾರಿಸ್ ಆ ರಾತ್ರಿ ಮನೆಗೆ ಮರಳುವಾಗಲೇ ಹೊಸ ಅಕ್ಷರ ಮಾಡೋಣ ಎಂದನಂತೆ. ಆಗ ಅವನಿಗೆ 54 ವರ್ಷ. ನಾನು ನಿವೃತ್ತಿಯ ಹೊಸ್ತಿಲಲ್ಲಿದ್ದೆ. ಆ ವಯಸ್ಸಿನಲ್ಲಿ ಒಬ್ಬ ಮನುಷ್ಯ ಅಕ್ಷರ ಬರೆಯಲು ಮೊದಲಿನಿಂದ ಕೂತ ಎಂಬುದು ನನ್ನ ಮನಸ್ಸಿಗೆ ಬಹಳ ಹತ್ತಿತು.

ವೆನಿಸ್ಸಿನಲ್ಲಿ 1470ರ ದಶಕದಲ್ಲಿ ನಿಕೊಲಾ ಜೆನ್ಸನ್ ಅಚ್ಚು ಹಾಕಿದ ಪುಟಗಳ ಫೋಟೋವನ್ನು ವಾಕರ್ ದೊಡ್ಡದಾಗಿ ತೆಗೆದುಕೊಟ್ಟ. ಮಾರಿಸ್ ಅವುಗಳ ಮೇಲೆ ತಿದ್ದಿ ತಿದ್ದಿ, ಆಕಾರ ಕೈಗೆ ಕೂತ ಮೇಲೆ ತನ್ನದೇ ಅಕ್ಷರ ಬರೆದ. ನಾವು ಮಕ್ಕಳಿಗೆ ಸ್ಲೇಟಿನ ಮೇಲೆ ಅ, ಆ ತಿದ್ದಿಸುತ್ತಿದ್ದುದೂ ಹೀಗೇ. ಎಡ್ವರ್ಡ್ ಪ್ರಿನ್ಸ್ ಎಂಬ ಕಸುಬುದಾರ ಅದನ್ನು ಉಕ್ಕಿನಲ್ಲಿ ಕೊರೆದ. ಕಾಗದ ಕೆಂಟ್ ಸೀಮೆಯ ಜೋಸೆಫ್ ಬ್ಯಾಚಲರ್‌ನ ಗಿರಣಿಯಲ್ಲಿ ಬರೀ ನಾರುಬಟ್ಟೆಯ ಚಿಂದಿಯಿಂದ ಕೈಯಲ್ಲೇ ಎತ್ತಿದ್ದು. ಶಾಯಿ ಜರ್ಮನಿಯ ಹ್ಯಾನೋವರಿನದು. 1891ರಲ್ಲಿ ಅವನು ಆರಂಭಿಸಿದ ಕೆಲ್ಮ್‌ಸ್ಕಾಟ್ ಪ್ರೆಸ್ಸಿನ ಮೊದಲ ಪುಸ್ತಕ ಹೊರಬಂತು. ಕೊನೆಯ ದೊಡ್ಡ ಕೆಲಸ ಚಾಸರ್ ಕವಿಯ ಕೃತಿಗಳು, 1896: ಚಿತ್ರಕಾರ ಬರ್ನ್-ಜೋನ್ಸ್‌ನ 87 ಚಿತ್ರ, ಕಾಗದದ ಮೇಲೆ 425 ಪ್ರತಿ, ತೊಗಲಿನ ಮೇಲೆ 13. ಅದು ಮುಗಿದು ಕೆಲವೇ ತಿಂಗಳಲ್ಲಿ ಅಕ್ಟೋಬರ್ 3ರಂದು ಮಾರಿಸ್ ತೀರಿಕೊಂಡ.

ಅದೇ ದಶಕದಲ್ಲಿ ನಮ್ಮ ಕರಾವಳಿಯಲ್ಲೂ ಅಚ್ಚಿನ ದೊಡ್ಡ ಕೆಲಸ ನಡೆದಿತ್ತು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ನಮ್ಮ ಶಾಲೆಯ ಬೀರುವಿನಲ್ಲಿ ಅದರ ಒಂದು ಮುದ್ರಣವಿತ್ತು. ಅಷ್ಟು ಪುಟ, ಅಷ್ಟು ಒತ್ತಕ್ಷರ, ಎಲ್ಲವನ್ನೂ ಯಾರೋ ಒಂದೊಂದೇ ಮೊಳೆ, ಅಂದರೆ ಸೀಸದ ಬಿಡಿ ಅಕ್ಷರ, ಹೆಕ್ಕಿ ಜೋಡಿಸಿದರಲ್ಲ ಎಂದು ಆಗ ನನಗೆ ಹೊಳೆದೇ ಇರಲಿಲ್ಲ. ಹೊಳೆದದ್ದು ಹ್ಯಾಮರ್‌ಸ್ಮಿತ್‌ನ ನೆಲಮಾಳಿಗೆಯಲ್ಲಿ.

ಚಾಸರ್ ಪುಸ್ತಕದ ಪಡಿಯಚ್ಚನ್ನು ಒಂದು ಹಳೇ ಪುಸ್ತಕದಂಗಡಿಯಲ್ಲಿ ಅರ್ಧ ತಾಸು ತಿರುಗಿಸಿ ನೋಡಿದೆ. ಪುಟದ ನಾಲ್ಕೂ ಅಂಚಿಗೆ ದಟ್ಟ ಬಳ್ಳಿ, ಎಲೆ, ಹೂವು. ಮಾರಿಕಾಂಬಾ ದೇವಸ್ಥಾನದ ಅಂಗಳದಲ್ಲಿ ನಿಂತು ಕಾವಿ ಚಿತ್ತಾರದ ಗೋಡೆ ನೋಡಿದಂತಾಯಿತು. ಸುಣ್ಣದ ಬಿಳಿ ಹಿನ್ನೆಲೆಗೆ ಕೆಂಪು ಬಳ್ಳಿ ಹಬ್ಬಿದ್ದು ಗೋಡೆಗೆ ಎಷ್ಟು ಚೆನ್ನ! ಆದರೆ ಓದುವ ಕಣ್ಣು ಅಂಚಿನ ಬಳ್ಳಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಡಲು ಕೂತವರಿಗೆ ಅದು ಆಗದು.

ನನಗೆ ಮನಸ್ಸು ತುಂಬಿದ್ದು ಡವ್ಸ್ ಪ್ರೆಸ್ಸಿನ ಪುಟ. ಮಾರಿಸ್ ಹೋದ ಮೇಲೆ 1900ರಲ್ಲಿ ಅದೇ ಹ್ಯಾಮರ್‌ಸ್ಮಿತ್‌ನಲ್ಲಿ ಎಮರಿ ವಾಕರ್ ಮತ್ತು ಪುಸ್ತಕ ಕಟ್ಟುವ ಕಾಬ್ಡನ್-ಸ್ಯಾಂಡರ್ಸನ್ ಸೇರಿ ಆರಂಭಿಸಿದ್ದು. ಚಿತ್ರವಿಲ್ಲ, ಬಳ್ಳಿಯಿಲ್ಲ, ಒಂದೇ ಅಳತೆಯ ಒಂದೇ ಅಕ್ಷರ. 1903ರಿಂದ 1905ರವರೆಗೆ ಐದು ಸಂಪುಟದಲ್ಲಿ ಬೈಬಲ್ ಅಚ್ಚು ಹಾಕಿದರು. ಅದರ ಮೊದಲ ಪುಟದಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಬರೆದ ಒಂದು ಕೆಂಪು ಐ ಅಕ್ಷರ ಪುಟದ ಉದ್ದಕ್ಕೂ ಇಳಿದಿದೆ, ಮಿಕ್ಕಿದ್ದೆಲ್ಲ ಕಪ್ಪು ಅಕ್ಷರ ಮತ್ತು ಬಿಳಿ ಜಾಗ. ಆ ಪುಟ ನೋಡಿದಾಗ ಆಯಿಯ ಎಣ್ಣೆ ಹಚ್ಚಿ ಬಾಚಿದ ತಲೆ, ಅದಕ್ಕೊಂದೇ ದಾಸವಾಳ ನೆನಪಾಯಿತು.

ಆ ಅಕ್ಷರಗಳ ಗತಿ ಕೇಳಿ. ಇಬ್ಬರಿಗೂ ಮನಸ್ತಾಪವಾಗಿ 1909ರಲ್ಲಿ ಪಾಲುದಾರಿಕೆ ಮುರಿಯಿತು. ಕಾಬ್ಡನ್-ಸ್ಯಾಂಡರ್ಸನ್ ಸತ್ತ ಮೇಲೆ ಅಕ್ಷರ ವಾಕರನಿಗೆ ಸೇರಬೇಕೆಂದು ಒಪ್ಪಂದ. ಅವನಿಗೆ ಹೋಗಬಾರದು, ಮುಂದೆ ಯಂತ್ರದ ಅಚ್ಚಿಗೆ ಇದನ್ನು ಯಾರೂ ಬಳಸಬಾರದು ಎಂದು ಎಪ್ಪತ್ತು ದಾಟಿದ ಆ ಮುದುಕ 1916ರ ಆಗಸ್ಟ್‌ನಿಂದ 1917ರ ಜನವರಿಯವರೆಗೆ ಕತ್ತಲಾದ ಮೇಲೆ ಮೊಳೆಗಳನ್ನು ಹೊತ್ತು ಹ್ಯಾಮರ್‌ಸ್ಮಿತ್ ಸೇತುವೆಗೆ ಹೋಗಿ ಹೊಳೆಗೆ ಸುರಿದ. ಸುಮಾರು 170 ಸಲ. ಒಟ್ಟು ಒಂದು ಟನ್ನಿಗೂ ಹೆಚ್ಚು ಸೀಸ. ನಾನು ಆ ಸೇತುವೆಯ ಮೇಲೆ ನಡೆದೆ. ಬಿರುಕು ಕಂಡಿದೆಯೆಂದು ಆ ವರ್ಷದ ಏಪ್ರಿಲ್‌ನಿಂದ ವಾಹನ ಬಿಡುತ್ತಿರಲಿಲ್ಲ. ನಡೆಯುವವರು, ಸೈಕಲ್ಲಿನವರು ಮಾತ್ರ. ನೀರು ಕೆಸರು ಬಣ್ಣ. 2014ರಲ್ಲಿ ರಾಬರ್ಟ್ ಗ್ರೀನ್ ಎಂಬ ಅಕ್ಷರ ವಿನ್ಯಾಸಗಾರ ಮುಳುಗುಗಾರರನ್ನು ಇಳಿಸಿ 150 ಮೊಳೆ ಮೇಲೆತ್ತಿಸಿದ, ಅವನ್ನು ನೋಡಿಕೊಂಡು ಆ ಅಕ್ಷರವನ್ನು ಕಂಪ್ಯೂಟರಿಗೆ ತಿದ್ದಿದ. ಅಷ್ಟು ಚೆಂದದ ಅಕ್ಷರ ಮಾಡಿಸಿದವನೇ ಅದನ್ನು ಮುಳುಗಿಸಿದ್ದನ್ನು ನಾನು ಒಪ್ಪಲಾರೆ. ಅಕ್ಷರ ಯಾರೊಬ್ಬನ ಸೊತ್ತೂ ಅಲ್ಲ.

ಇದಕ್ಕೆ ಎದುರಾದ ಇನ್ನೊಂದು ಸಂಗತಿ ಇದೆ, ಅದು ನಮ್ಮ ಪಕ್ಕದ ನಾಡಿಗೆ ಸೇರಿದ್ದು. ಕೆಲ್ಮ್‌ಸ್ಕಾಟ್ ಮುಚ್ಚಿದ ಮೇಲೆ ಅದರ ಪ್ರೆಸ್ಸುಗಳನ್ನು ಆಶ್‌ಬಿ ಎಂಬಾತ ಕೊಂಡು ಎಸೆಕ್ಸ್ ಹೌಸ್ ಪ್ರೆಸ್ ನಡೆಸಿದ. ಅವನಿಂದ ಅದು ಶ್ರೀಲಂಕಾ ಮೂಲದ ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿಯವರ ಕೈಗೆ ಬಂತು. ಸಿಂಹಳದ ಕಸುಬುದಾರರ ಕಲೆಯ ಮೇಲೆ ತಾವು ಬರೆದ ದೊಡ್ಡ ಗ್ರಂಥವನ್ನು ಅವರು 1907ರ ಸೆಪ್ಟೆಂಬರಿನಿಂದ 1908ರ ಡಿಸೆಂಬರಿನವರೆಗೆ ಮಾರಿಸ್‌ನ ಕೈಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದರು. ಪ್ರತಿಗಳ ಸಂಖ್ಯೆ, ನೋಡಿ, 425. ಚಾಸರ್ ಅಚ್ಚಾದಷ್ಟೇ. ಚಾಸರ್ ಕವಿಗೆ ಸಂದ ಪ್ರೆಸ್ಸು ಹನ್ನೆರಡು ವರ್ಷಕ್ಕೆ ಸಿಂಹಳದ ಕ್ಯಾಂಡಿ ಸೀಮೆಯ ಕಮ್ಮಾರ, ಬಡಗಿ, ಚಿತ್ತಾರದವರಿಗೂ ಸಂದಿತು. ಹಾಗಾದರೆ ಹಸೆ ಹಾಡಿಗೂ ಸಲ್ಲಬೇಕು ಅಂತ ನನಗೆ ಅನಿಸಿತು.

ಶಿರಸಿಗೆ ಬಂದು ಹುಡುಕಲು ನಾಲ್ಕು ವರ್ಷ ಹಿಡಿಯಿತು. ನಡುವೆ ಆ ಗೋಂದಿನ ಪುಸ್ತಕದ ಕಥೆಯೂ ಆಯಿತು. ಹಳೆಯ ಪ್ರೆಸ್ಸುಗಳು ಒಂದೊಂದಾಗಿ ಮುಚ್ಚಿದ್ದವು. ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಮೊಳೆಗಳನ್ನು ಗೋಣಿಯಲ್ಲಿ ತುಂಬಿ ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದರು ಎಂದು ಪ್ರೆಸ್ಸಿನ ಅಣ್ಣ ಹೇಳುತ್ತಾರೆ. ಸೀಸ, ತವರ, ಆಂಟಿಮನಿ ಕರಗಿಸಿದರೆ ದುಡ್ಡು. ಅಣ್ಣ ಹದಿನಾರನೇ ವಯಸ್ಸಿಗೆ ಕೇಸಿನ, ಅಂದರೆ ಮೊಳೆ ತುಂಬಿಡುವ ಮನೆಮನೆಯ ಪೆಟ್ಟಿಗೆಯ, ಮುಂದೆ ನಿಂತವರು. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ರಸೀದಿ ಪುಸ್ತಕ ಮಾಡಿದವರು. ಅವರಿದ್ದ ಪ್ರೆಸ್ ಮುಚ್ಚುವ ದಿನ ಬಾಕಿ ಸಂಬಳದ ಬದಲು ಕಾಲಿನಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಮಷೀನು, ನಾಲ್ಕು ಕೇಸು ಮೊಳೆ ಕೇಳಿ ಪಡೆದು ಎತ್ತಿನ ಗಾಡಿಯಲ್ಲಿ ಮನೆಗೆ ತಂದರು. ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲವಂತೆ. ಆ ಸೀಸವೇ ಈಗ ನನ್ನ ಆಯಿಯ ಹಾಡಾಗಿದೆ.

ಕೆಲಸ ಶುರುವಾದದ್ದು 2024ರ ದೀಪಾವಳಿ ಕಳೆದ ಮೇಲೆ. ಪುಸ್ತಕ 96 ಪುಟ, ಡೆಮಿ 1/8 ಆಕಾರ, 60 ಪ್ರತಿ. ಮೊದಲ ದಿನವೇ ಅಣ್ಣ ನೋಟುಬುಕ್ಕು ಓದಿ ಒಂದು ಚೀಟಿಯಲ್ಲಿ ಲೆಕ್ಕ ಹಾಕಿದರು.

"ಅಕ್ಕೋರೆ, ಇದ್ರಲ್ಲಿ ಬರೀ ‘ಳ’ವೇ ಉಂಟಲ್ಲ."

ಹೌದು. ಹಸೆ ಹಾಡಿನಲ್ಲಿ ಬರುವವಳೂ ಹೆಣ್ಣು, ಕರೆಯುವವಳೂ ಹೆಣ್ಣು, ಆರತಿ ಎತ್ತುವವಳೂ ಹೆಣ್ಣು. ಸಾಲು ಸಾಲಿನ ಕೊನೆಗೂ ಬಂದಾಳು, ನಿಂದಾಳು, ತಂದಾಳು. ಮೂವತ್ತೈದು ವರ್ಷ ವ್ಯಾಕರಣ ಕಲಿಸಿದ ನಾನು ಇದನ್ನು ಎಣಿಸಿರಲಿಲ್ಲ. ಅವರ ಕೇಸಿನಲ್ಲಿ ಮೂಗು ಮುರಿಯದ ‘ಳ’ 38 ಇದ್ದವು. ಒಂದು ಪುಟಕ್ಕೆ ಹದಿನೇಳು ಹದಿನೆಂಟು ಬೇಕು. ಹಾಗಾಗಿ ಒಂದು ಸಲಕ್ಕೆ ಎರಡೇ ಪುಟ ಜೋಡಿಸಿ ಅಚ್ಚು ಹಾಕಿ, ಮೊಳೆ ತೊಳೆದು ಬಿಡಿಸಿ, ಮತ್ತೆ ಎರಡು ಪುಟ ಜೋಡಿಸಬೇಕಾಯಿತು. ಅದೂ ಓದುವ ಕ್ರಮದಲ್ಲಲ್ಲ. ನಾಲ್ಕು ಹಾಳೆ ಒಂದರೊಳಗೊಂದು ಮಡಚಿ ಒಂದು ಕಟ್ಟು ಆಗುವುದರಿಂದ 1ನೇ ಪುಟದ ಪಕ್ಕ 16 ಬರುತ್ತದೆ, ಅವುಗಳ ಬೆನ್ನಿಗೆ 2 ಮತ್ತು 15. ಯಾವ ಹಾಡು ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಗೆರೆ ಹೊಡೆದು ಲೆಕ್ಕ ಹಾಕದಿದ್ದರೆ ಎಲ್ಲ ತಲೆಕೆಳಗು. ವಾರಕ್ಕೆ ನಾಲ್ಕು ಪುಟ, 24 ವಾರ. ಏಪ್ರಿಲ್ ಕೊನೆಗೆ ಅಚ್ಚು ಮುಗಿಯಿತು. ಅವಸರ ಇದ್ದವರು ಇವರ ಬಳಿ ಹೋಗಬೇಡಿ.

ನಾನು ಪ್ರತಿ ಗುರುವಾರ ಬಸ್ಸು ಹತ್ತಿ ಪ್ರೂಫ್ ನೋಡಲು ಹೋಗುತ್ತಿದ್ದೆ. ಅಣ್ಣ ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಕನ್ನಡಿ ಅಕ್ಷರವನ್ನು ನನಗಿಂತ ಬೇಗ ಓದುತ್ತಾರೆ. ಆಯಿ ಬರೆದ ಹಾಗೇ ಇರಲಿ, ಪುಸ್ತಕದ ಭಾಷೆಗೆ ತಿದ್ದಬೇಡಿ ಎಂದಿದ್ದೆ. ಎರಡು ಕಡೆ ಅವರೇ ನನ್ನ ಕೈಬರಹದ ನಕಲನ್ನು ನಿಲ್ಲಿಸಿ, "ಇದು ಅಮ್ಮ ಬರೆದದ್ದೋ, ನೀವು ತಿದ್ದಿದ್ದೋ?" ಎಂದು ಕೇಳಿದರು. ತಿದ್ದಿದ್ದು ನಾನೇ. ಮೂಲಕ್ಕೆ ಮರಳಿಸಿದೆವು. ಯಾವ ದೊಡ್ಡ ಮುದ್ರಣಾಲಯದಲ್ಲಿ ನನಗೆ ಈ ಪ್ರಶ್ನೆ ಕೇಳುತ್ತಿದ್ದರು?

ಅಂಚಿನ ವಿಷಯದಲ್ಲಿ ನಮಗಿಬ್ಬರಿಗೂ ಜಗಳವಾಯಿತು. ಬಿಚ್ಚಿದ ಎರಡು ಪುಟವನ್ನು ಒಂದೇ ಎಂದು ನೋಡಬೇಕು ಎನ್ನುತ್ತಿದ್ದ ಮಾರಿಸ್. ಹೊಲಿಗೆಯ ಬದಿಯ ಅಂಚು ಎಲ್ಲಕ್ಕಿಂತ ಕಿರಿದು, ಮೇಲಿನದು ಅದಕ್ಕಿಂತ ತುಸು ಅಗಲ, ಹೊರ ಅಂಚು ಇನ್ನೂ ಅಗಲ, ಕೆಳಗಿನದು ಎಲ್ಲಕ್ಕಿಂತ ದೊಡ್ಡದು. ಇದನ್ನು ಚಿತ್ರ ಬರೆದು ತೋರಿಸಿದೆ. ಕೆಳಗೆ ಅಷ್ಟು ಜಾಗ ಬಿಟ್ಟರೆ ಕಾಗದ ದಂಡ, ಪುಟ ಮೇಲಕ್ಕೆ ಹಾರಿದ ಹಾಗೆ ಕಾಣುತ್ತದೆ ಎಂದು ಅಣ್ಣ ಒಪ್ಪಲಿಲ್ಲ. ಎರಡು ಬಗೆಯಲ್ಲೂ ಒಂದೊಂದು ಹಾಳೆ ತೆಗೆದು ಗೋಡೆಗೆ ಅಂಟಿಸಿದೆವು. ಸೊಸೆ ಕಾಫಿ ತಂದವಳು ನೋಡಿ, "ಇದ್ರಲ್ಲಾದ್ರೆ ಹೆಬ್ಬೆಟ್ಟು ಇಡ್ಲಿಕ್ಕೆ ಜಾಗ ಉಂಟು" ಅಂದಳು. ಕೆಳಗೆ ಅಗಲವಿದ್ದ ಹಾಳೆ ಗೆದ್ದಿತು. ಈಗ ಮದುವೆ ಮನೆಯ ಅರಿಶಿನದ ಬೆರಳು ಹಾಡಿನ ಮೇಲೆ ಬೀಳುವುದಿಲ್ಲ, ಆ ಬಿಳಿ ಜಾಗದಲ್ಲಿ ಬೀಳುತ್ತದೆ.

ಕಾಗದ ಹತ್ತಿ ಚಿಂದಿಯ ಕೈಕಾಗದ, ಪುಣೆಯಿಂದ ತರಿಸಿದ್ದು, 300 ಹಾಳೆ. ಹೊಳಪಿಲ್ಲ, ಕೆನೆಯ ಬಣ್ಣ. ಒಣ ಕಾಗದದ ಒರಟು ಮೈಗೆ ಶಾಯಿ ಸರಿಯಾಗಿ ಹತ್ತಲಿಲ್ಲ. ಕೆಲ್ಮ್‌ಸ್ಕಾಟ್‌ನಲ್ಲಿ ಕಾಗದವನ್ನು ತೇವ ಮಾಡಿ ಅಚ್ಚು ಹಾಕುತ್ತಿದ್ದರೆಂದು ಹೇಳಿದೆ. ಅಣ್ಣ ಹಿಂದಿನ ರಾತ್ರಿ ಒದ್ದೆ ಪಂಚೆಯ ಮಡಿಕೆಗಳ ನಡುವೆ ಹಾಳೆಯಿಟ್ಟು ಮೇಲೊಂದು ಹಲಗೆ ಹೇರಿ ನೋಡಿದರು. ಮಾರನೇ ದಿನದ ಹಾಳೆಯಲ್ಲಿ ಅಕ್ಷರ ಕಾಡಿಗೆಯ ಹಾಗೆ ಕಪ್ಪಗೆ ಕೂತಿತು. ಬೆರಳಾಡಿಸಿದರೆ ಪ್ರತಿ ಅಕ್ಷರ ಕಾಗದದೊಳಗೆ ಇಳಿದದ್ದು ತಿಳಿಯುತ್ತದೆ. ಈ ಒಂದು ಗುಣಕ್ಕೆ ಬೇರೆ ಯಾವ ಅಚ್ಚೂ ಸಾಟಿಯಿಲ್ಲ.

ಹೊಲಿಗೆಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಪುಸ್ತಕ ನೆಲದ ಮೇಲೆ ಮಲಗುವುದು ಅದರಿಂದ. ಆರು ಕಟ್ಟು. ಪ್ರತಿ ಕಟ್ಟಿನ ಮಡಿಕೆಗೆ ಸೂಜಿಯಲ್ಲಿ ತೂತು ಹಾಕಿ, ಬೆನ್ನಿಗೆ ಮೂರು ಬಟ್ಟೆಪಟ್ಟಿ ಇಟ್ಟು, ಅವನ್ನು ಬಳಸಿ ದಾರ ಹಾಯಿಸುತ್ತಾಳೆ. ದಾರವನ್ನು ಮೊದಲು ಜೇನುಮೇಣದ ಉಂಡೆಯ ಮೇಲೆ ಎಳೆಯುತ್ತಾಳೆ. ಮೇಣ ಹಿಡಿದ ದಾರ ಜಾರುವುದಿಲ್ಲ, ತೇವ ಕುಡಿಯುವುದಿಲ್ಲ. ಒಂದು ಕಟ್ಟಿನ ಗಂಟು ಮುಂದಿನ ಕಟ್ಟನ್ನು ಹಿಡಿಯುತ್ತದೆ. ಎಲ್ಲ ಮುಗಿದ ಮೇಲೆ ಬೆನ್ನಿಗೆ ಮೈದಾ ಅಂಟು. ಆ ಅಂಟಿಗೆ ಮೈಲುತುತ್ತ ಹಾಕುತ್ತಾಳೆ. ಅಡಿಕೆ ತೋಟ ಇರುವ ನಮ್ಮೆಲ್ಲರ ಮನೆಯಲ್ಲೂ ಕೊಳೆರೋಗದ ಔಷಧಿಗೆಂದು ಇರುವುದೇ ಅದು, ಸುಣ್ಣದ ಜೊತೆ ಕಲಸಿ ಅಡಿಕೆಯ ಗೊನೆಗೆ ಹೊಡೆಯುವುದು. ಅಂಟಿನಲ್ಲಿದ್ದರೆ ಹುಳ ಮೈದಾ ತಿನ್ನಲು ಬರುವುದಿಲ್ಲ, ಬೂಷ್ಟು ಹಿಡಿಯುವುದೂ ಕಡಿಮೆ. ಒಂದು ಕೆಜಿ ಮೈದಾಕ್ಕೆ ಎಷ್ಟು ಎಂದು ಕೇಳಿದರೆ ಕಣ್ಣಳತೆ ಎನ್ನುತ್ತಾಳೆ.

ಮೇಲೆ ದಪ್ಪ ರಟ್ಟು, ಅದಕ್ಕೆ ಕಾವಿ ಬಣ್ಣದ ಖಾದಿ ಬಟ್ಟೆ. ಕೆಲ್ಮ್‌ಸ್ಕಾಟ್‌ನ ಅನೇಕ ಪುಸ್ತಕಗಳು ಬರೀ ನೀಲಿ ಕಾಗದದ ರಟ್ಟು, ನಾರುಬಟ್ಟೆಯ ಬೆನ್ನು ಹೊತ್ತು ಬಂದವು. ನನಗೆ ಅದೇ ಇಷ್ಟ. ದಿನಕ್ಕೆ ಎರಡು ಪ್ರತಿಯಂತೆ ಮಿರ್ಗ, ಅಂದರೆ ಮೃಗಶಿರ ಮಳೆ, ಹಿಡಿಯುವುದರೊಳಗೆ 40 ಆದವು. ಮಳೆ ಬಿದ್ದ ಮೇಲೆ ಅಂಟು ಒಣಗುವುದಿಲ್ಲ, ರಟ್ಟು ಬಾಗುತ್ತದೆ. ಉಳಿದ 20ನ್ನು ದಸರೆ ಕಳೆದು ಮಾಡಿಕೊಡುತ್ತೇನೆಂದು ಖಡಾಖಂಡಿತ ಹೇಳಿದಳು. ಒತ್ತಾಯಿಸಲಿಲ್ಲ. ಆ 20 ಮೊನ್ನೆ ಬಂದಿವೆ. ಮೊದಲ ನಲವತ್ತರಲ್ಲಿ ನನ್ನ ಬಳಿ ಉಳಿದ ಪ್ರತಿ ಒಂದು ಇಡೀ ಮಳೆಗಾಲ ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿತ್ತು. ರಟ್ಟಿನ ಒಂದು ಮೂಲೆ ತುಸು ಮೇಲೆದ್ದಿದೆ. ಹೊಲಿಗೆ ಒಂದೆಳೆ ಸಡಿಲವಾಗಿಲ್ಲ, ಬೂಷ್ಟಿಲ್ಲ, ವಾಸನೆಯಿಲ್ಲ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಮೊಳೆಗಳು ಸವೆದಿವೆ, ‘ಲ್ಲ’ದ ಒತ್ತು ಹಲವು ಕಡೆ ಅರ್ಧ ಮಾತ್ರ ಮೂಡಿದೆ, ಬಲ್ಲವರು ಓದಿಕೊಳ್ಳುತ್ತಾರೆ, ಮಕ್ಕಳು ತಡವರಿಸುತ್ತಾರೆ. ಮೂರನೇ ಕಟ್ಟಿನ ಒಂದು ಬದಿಯಲ್ಲಿ ಶಾಯಿ ತೆಳುವಾಗಿದೆ. ಆ ದಿನ ಕಾಗದ ಬೇಗ ಒಣಗಿತ್ತು, ಅಣ್ಣ ಮತ್ತೆ ಹಾಕಿಕೊಡುತ್ತೇನೆ ಎಂದರು, ಕಾಗದ ಸಾಲದೆಂದು ನಾನೇ ಬೇಡವೆಂದೆ. ಈಗ ಬೇಸರವಾಗುತ್ತದೆ. ಕಾಗದ ಇನ್ನೂ 20 ಹಾಳೆ ಹೆಚ್ಚು ತರಿಸಬೇಕಿತ್ತು. 41ನೇ ಪುಟದಲ್ಲಿ ಒಂದು ಸಾಲು ಎರಡು ಸಲ ಬಂದಿದೆ. ಅದು ಪ್ರೂಫ್ ನೋಡಿದ ನನ್ನ ತಪ್ಪು. ಬೆನ್ನಿಗೆ ಅಂಟಿಸಿದ ಹೆಸರಿನ ಚೀಟಿ ಎರಡು ಪ್ರತಿಯಲ್ಲಿ ಬಿಟ್ಟುಕೊಂಡಿದೆ, ಖಾದಿಯ ಒರಟಿಗೆ ಮೈದಾ ಹಿಡಿಯಲಿಲ್ಲ. ಬಟ್ಟೆಯ ಮೇಲೆ ಚೀಟಿ ಬೇಕೆನ್ನುವವರು ಮುಂಚೆಯೇ ಬೇರೆ ದಾರಿ ಕೇಳಿ.

ಖರ್ಚು ಎಲ್ಲರೂ ಕೇಳುತ್ತಾರೆ. ಜೋಡಿಸಿ ಅಚ್ಚು ಹಾಕಿದ್ದಕ್ಕೆ ನಾಲ್ಕು ಪುಟಕ್ಕೆ 1,500 ರೂಪಾಯಿಯಂತೆ 36,000. ಕಾಗದ 12,000. ಹೊಲಿಗೆ, ರಟ್ಟು, ಬಟ್ಟೆ ಸೇರಿ ಪ್ರತಿಗೆ 350ರಂತೆ 21,000. ಒಟ್ಟು 69,000, ಒಂದು ಪ್ರತಿಗೆ 1,150 ಬಿತ್ತು. ಆಗಿನ ದರಕ್ಕೆ ಹತ್ತಿರ ಹತ್ತಿರ ಒಂದೂವರೆ ಕ್ವಿಂಟಾಲ್ ರಾಶಿ ಅಡಿಕೆಯ ಹಣ. ಇಷ್ಟರಲ್ಲಿ ಹೊಳೆಯುವ ಕಾಗದದ ಪುಸ್ತಕ ನೂರಾರು ಬರುತ್ತಿತ್ತು ಎಂದು ತಮ್ಮ ಲೆಕ್ಕ ಹೇಳಿದ. ಬರುತ್ತಿತ್ತು. ಆದರೆ ಆ ಇಬ್ಬರ ಆರು ತಿಂಗಳ ಕೆಲಸಕ್ಕೆ ಹೋಲಿಸಿದರೆ ಅವರು ಕೇಳಿದ್ದು ಕಡಿಮೆಯೇ. ಹೊಲಿಗೆಗೆ ಪ್ರತಿಗೆ ಇನ್ನೂ ನೂರು ಹೆಚ್ಚು ಕೇಳಬೇಕಿತ್ತು. ಮುಂದೆ ಹೋಗುವವರು ಚೌಕಾಸಿ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಂಗ್ಲೆಂಡಿನಲ್ಲಿ ಈ ಕಸುಬು ಇಂದಿಗೂ ನಿಂತಿರುವುದು ಕೊಳ್ಳುವವರು ಬೆಲೆ ಕೊಡುವುದರಿಂದ. ಗ್ಲಾಸ್ಟರ್‌ಶೈರಿನ ವಿಟಿಂಗ್ಟನ್ ಎಂಬ ಹಳ್ಳಿಯಲ್ಲಿ 1971ರಲ್ಲಿ ಗಂಡ ಹೆಂಡತಿ ಸೇರಿ ಆರಂಭಿಸಿದ ಪ್ರೆಸ್, ಮೊಳೆ ಅಚ್ಚಿನ ಬಗ್ಗೆಯೇ ಮೊಳೆ ಅಚ್ಚಿನಲ್ಲಿ 1981ರಿಂದ ಒಂದು ವಾರ್ಷಿಕ ಪತ್ರಿಕೆ ತಂದಿತು. ಹಳ್ಳಿಯಲ್ಲಿ ಕೂತು ಅವರು ಮಾಡಿದ್ದನ್ನು ಶಿರಸಿಯಲ್ಲಿ ಕೂತು ಮಾಡಬಾರದೆಂದೇನಿಲ್ಲ.

ಕೊನೆಯ ಸಲ ಹೋದಾಗ ಅಣ್ಣ ಕೇಸಿನ ಮುಂದೆ ಸ್ಟೂಲ್ ಹಾಕಿ ಕೂತಿದ್ದರು, ಮೊಳೆ ಬಿಡಿಸುತ್ತಿದ್ದವಳು ಸೊಸೆ. ಯಾವ ಮನೆ ಯಾವ ಅಕ್ಷರಕ್ಕೆ ಎಂದು ಅವಳ ಕೈಗೆ ಗೊತ್ತಾಗಿದೆ, ಒತ್ತುಗಳಲ್ಲಿ ಮಾತ್ರ ಇನ್ನೂ ನಿಲ್ಲುತ್ತಾಳೆ. ನಿಮ್ಮ ನಂತರ ಈ ಮೊಳೆ ಏನು ಎಂದು ಕೇಳಬೇಕೆಂದು ಹೋಗಿದ್ದೆ; ಕೇಳಲಿಲ್ಲ. ಮುಂದಿನ ವರ್ಷದ ಒಂದು ಕೆಲಸ ಈಗಾಗಲೇ ಒಪ್ಪಿಕೊಂಡಿದ್ದಾರೆ, ಒಂದು ಯಕ್ಷಗಾನ ಪ್ರಸಂಗ. ಇನ್ನೊಂದಕ್ಕೆ ಜಾಗವಿದೆ. ಹೋಗುವವರು ಶುದ್ಧವಾಗಿ ಬರೆದ ಪ್ರತಿ ತೆಗೆದುಕೊಂಡು ಹೋಗಿ, ಬದಲಾವಣೆಯನ್ನೆಲ್ಲ ಮನೆಯಲ್ಲೇ ಮುಗಿಸಿ ಹೋಗಿ, ದೀಪಾವಳಿಯಿಂದ ಮಿರ್ಗದವರೆಗಿನ ಒಣ ದಿನಗಳನ್ನು ಅವರಿಗೆ ಬಿಟ್ಟುಕೊಡಿ.

ನಮ್ಮ ಪುಸ್ತಕ ಮಾರಾಟಕ್ಕಿಲ್ಲ. ಆಯಿಯ ಮಕ್ಕಳು, ಮೊಮ್ಮಕ್ಕಳು, ಅವರ ಜೊತೆ ಹಾಡುತ್ತಿದ್ದವರ ಮನೆಗಳಿಗೆ ಕೊಟ್ಟಿದ್ದೇವೆ. ಒಂದು ಪ್ರತಿಯನ್ನು ನಾನು ಕಲಿಸಿದ ಶಾಲೆಯ ಬೀರುವಿನಲ್ಲಿ, ಕಿಟೆಲ್ ನಿಘಂಟಿನ ಪಕ್ಕಕ್ಕೆ ಇಟ್ಟು ಬಂದಿದ್ದೇನೆ. ಕೊನೆಗೆ ನಾಲ್ಕು ಪುಟ ಖಾಲಿ ಬಿಡಿಸಿದ್ದೆ. ದೊಡ್ಡತ್ತಿಗೆ ತಮ್ಮ ಪ್ರತಿಯ ಆ ಪುಟದಲ್ಲಿ, ಆಯಿಗೆ ಗೊತ್ತಿರದಿದ್ದ ಒಂದು ಎಣ್ಣೆ ಹಾಡನ್ನು ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಕೈಕಾಗದಕ್ಕೆ ಶಾಯಿ ಸ್ವಲ್ಪ ಹರಡಿದೆ, ಆದರೆ ಓದಲಿಕ್ಕೆ ಬರುತ್ತದೆ.